ಕೇಳಿ, ಹೇಳ್ತೀನಿ: ಪೈಪ್‌ಫಿಶ್ ಮನೆಗೆ ತರಬಹುದಾ?

ಕಳೆದ ಸಂಚಿಕೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಬಗ್ಗೆ ಒಂದು ಸಣ್ಣ ಉತ್ತರ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಪೈಪ್‌ಫಿಶ್ ವಿಚಾರವೇ ಜಾಸ್ತಿ. ಇದು ಕಡಲಕುದುರೆಯ ಹತ್ತಿರದ ಸಂಬಂಧಿ. ಉದ್ದನೆಯ ಕಡ್ಡಿಯಂಥ ಮೈ, ಕೊಳವೆಯಂಥ ಮೂತಿ. ನೋಡಿದವರಿಗೆ ಆಸೆ ಹುಟ್ಟುವುದು ಸಹಜ. ಹಾಗಾಗಿ ಈ ಸಲದ ಜಾಗ ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಮನೇಲಿ ಸಿಹಿನೀರಿನ ಟ್ಯಾಂಕ್ ಇದೆ. ಏಂಜೆಲ್, ಟೆಟ್ರಾ ಎಲ್ಲಾ ಚೆನ್ನಾಗಿವೆ. ಈಗ ಉಪ್ಪುನೀರಿಗೆ ಹೋಗಿ ಪೈಪ್‌ಫಿಶ್ ಸಾಕೋಣ ಅಂತ ಆಸೆ. ಮೈತುಂಬಾ ಪಟ್ಟೆ ಇರೋ ಜಾತಿಯನ್ನು ವಿಡಿಯೋದಲ್ಲಿ ನೋಡಿದೆ. ಬೆಂಗಳೂರಿನ ಒಬ್ಬರು ತರಿಸಿಕೊಡ್ತೀನಿ ಅಂದಿದ್ದಾರೆ. 60 ಲೀಟರ್ ಟ್ಯಾಂಕ್ ಸಾಕಾಗುತ್ತಾ? ಅಂಗಡಿಯ ಒಣ ಊಟ, ಫ್ಲೇಕ್ಸ್ ತಿನ್ನುತ್ತಾ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ತರಬೇಡಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾರಣ.

ಮೊದಲನೆಯದು ಕಾನೂನು. 2001ರಲ್ಲಿ ಕೇಂದ್ರ ಸರ್ಕಾರ ಕಡಲಕುದುರೆ, ಪೈಪ್‌ಫಿಶ್ ಎಲ್ಲಾ ಸೇರಿದ ಈ ಇಡೀ ಕುಟುಂಬವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲ್‌ಗೆ ಸೇರಿಸಿತು. ನಮ್ಮ ಬಂಡೀಪುರದ ಹುಲಿ, ಆನೆ ಇದ್ದ ಪಟ್ಟಿ ಅದು. 2022ರ ತಿದ್ದುಪಡಿಯಲ್ಲಿ ಶೆಡ್ಯೂಲ್‌ಗಳನ್ನು ಹೊಸದಾಗಿ ಜೋಡಿಸಿದ್ದಾರೆ. ಈಗ ಇದು ಯಾವ ಪಟ್ಟಿಯಲ್ಲಿದೆ ಅಂತ ಖಚಿತ ಮಾಡಿಕೊಳ್ಳಬೇಕು. ಆದ್ದರಿಂದ ಮಾರುವವರು "ಏನೂ ಆಗಲ್ಲ, ಎಲ್ಲರೂ ಇಟ್ಕೊಂಡಿದ್ದಾರೆ" ಅಂದರೆ ನಂಬಬೇಡಿ. ಅಶೋಕಪುರಂನ ಅರಣ್ಯ ಭವನಕ್ಕೆ ಹೋಗಿ ಕೇಳಿ. ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲೇ ಕೇಳಿ.

ಎರಡನೆಯದು ಹಸಿವು. ನನ್ನ ಮಟ್ಟಿಗೆ ಕಾನೂನಿಗಿಂತ ಇದೇ ದೊಡ್ಡ ಕಾರಣ. ಪೈಪ್‌ಫಿಶ್‌ಗೆ ಹೊಟ್ಟೆಯ ಚೀಲವೇ ಇಲ್ಲ. ಹಲ್ಲೂ ಇಲ್ಲ. ತಿಂದದ್ದು ನೇರವಾಗಿ ಕರುಳಿಗೆ ಹೋಗುತ್ತದೆ, ಬೇಗ ಹೊರಗೂ ಹೋಗುತ್ತದೆ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಹಾಕಿದರೆ ಟೆಟ್ರಾಗೆ ಸಾಕು. ಇದಕ್ಕೆ ಸಾಲದು. ಹಗಲಿಡೀ ಮೇಯುವ ಆಡಿನ ಹಾಗೆ ಇದು ಸ್ವಲ್ಪ ಸ್ವಲ್ಪವೇ ತಿನ್ನುತ್ತಲೇ ಇರಬೇಕು. ಅದೂ ಜೀವ ಇರುವ, ಅಲುಗಾಡುವ ಆಹಾರ. ಕಡಲಲ್ಲಿ ಅದು ತಿನ್ನುವುದು ಕೋಪಿಪಾಡ್‌ನಂಥ ಚುಕ್ಕೆಗಾತ್ರದ ಜೀವಿಗಳನ್ನು. ಫ್ಲೇಕ್ಸ್ ಕಡೆ ತಿರುಗಿಯೂ ನೋಡುವುದಿಲ್ಲ.

ತಮಿಳುನಾಡಿನ ಮಂಡಪಂ ಕಡೆ ಪಾಕ್ ಕೊಲ್ಲಿಯ ತಗ್ಗು ನೀರಿನಲ್ಲಿ ಇದು ತಿನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಅಲ್ಲಿ ಕಡಲತಳದಲ್ಲಿ ಹುಲ್ಲು ಬೆಳೆಯುತ್ತದೆ. ಆ ಹುಲ್ಲಿನ ನಡುವೆ ಅದೇ ಹಸಿರು ಬಣ್ಣದ ಒಂದು ಪೈಪ್‌ಫಿಶ್, ಅಲೆ ಬಂದಾಗ ಹುಲ್ಲಿನ ಜೊತೆಗೇ ವಾಲುತ್ತಿತ್ತು. ಅಲಿಗೇಟರ್ ಪೈಪ್‌ಫಿಶ್ ಅಂತಾರೆ ಆ ಜಾತಿಗೆ. ಮೈ ಅಲುಗದೆ ಕಣ್ಣು ಮಾತ್ರ ಓಡಾಡುತ್ತಿತ್ತು. ಒಂದು ಕಣ್ಣು ನನ್ನ ಕಡೆ, ಇನ್ನೊಂದು ಎಲೆಯ ತುದಿಯ ಕಡೆ. ಎರಡೂ ಕಣ್ಣನ್ನು ಬೇರೆ ಬೇರೆಯಾಗಿ ತಿರುಗಿಸಬಲ್ಲದು ಅದು. ಮೆಲ್ಲಗೆ ಮೂತಿಯನ್ನು ಎಲೆಯ ಹತ್ತಿರ ತಂದಿತು. ತಲೆ ಚಟಕ್ಕನೆ ಮೇಲೆದ್ದಿತು. ಅಷ್ಟೇ. ಎಲೆಯ ಮೇಲಿದ್ದ ಚುಕ್ಕೆ ಮಾಯ. ಆ ಹೀರುವಿಕೆ ನಡೆಯುವುದು ಕೆಲವೇ ಮಿಲಿಸೆಕೆಂಡ್‌ಗಳಲ್ಲಿ, ನಮ್ಮ ಕಣ್ಣಿಗೆ ಹಿಡಿಯುವಂಥದ್ದಲ್ಲ. ಆಮೇಲೆ ಮತ್ತೆ ಹುಡುಕಾಟ, ಮತ್ತೆ ಚಟಕ್. ನಾನು ನೋಡಿದಷ್ಟು ಹೊತ್ತೂ ಅದಕ್ಕೆ ಬೇರೆ ಕೆಲಸವೇ ಇರಲಿಲ್ಲ.

ಆ ಮೀನನ್ನು ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಏನಾಗುತ್ತದೆ ಹೇಳಿ? ಮೊದಲ ಕೆಲವು ದಿನ ಕಲ್ಲಿನ ಮೇಲಿರುವ ಸಣ್ಣ ಜೀವಿಗಳನ್ನೆಲ್ಲ ಹೆಕ್ಕಿ ಮುಗಿಸುತ್ತದೆ. ಮನೆಯವರಿಗೆ ಖುಷಿ, ಮೀನು ಚುರುಕಾಗಿದೆ ಅಂತ. ಆಮೇಲೆ ಅದು ಹುಡುಕುತ್ತಲೇ ಇರುತ್ತದೆ, ಸಿಗುವುದಿಲ್ಲ. ಇದರ ಮೈಗೆ ಹೊರಗಿನಿಂದ ಎಲುಬಿನ ಬಳೆಗಳ ಕವಚ ಇರುತ್ತದೆ. ಹಾಗಾಗಿ ಬಡವಾದದ್ದು ಬೇಗ ಗೊತ್ತೇ ಆಗುವುದಿಲ್ಲ. ಹೊಟ್ಟೆಯ ಭಾಗ ಒಳಗೆ ಕುಸಿದಿದೆ ಅಂತ ನಮಗೆ ಕಾಣುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ. ಕಾಯಿಲೆ ಬಂತು ಅಂತ ಔಷಧ ಹುಡುಕುತ್ತಾರೆ. ಆ ಮೀನಿಗೆ ಬೇಕಾಗಿದ್ದದ್ದು ಊಟ.

60 ಲೀಟರ್ ಬಗ್ಗೆ ಕೇಳಿದಿರಿ. ನೀವು ನೋಡಿದ ಪಟ್ಟೆಯ ಜಾತಿ ಹೆಚ್ಚುಕಡಿಮೆ ಒಂದು ಗೇಣು ಬೆಳೆಯುತ್ತದೆ. ಕಲ್ಲಿನ ಚಾಚುಗಳ ಕೆಳಗೆ, ಗುಹೆಯಂಥ ನೆರಳಿನಲ್ಲಿ ಜೋಡಿಯಾಗಿ ತೇಲಾಡುವ ಮೀನು ಅದು. 60 ಲೀಟರ್ ಯಾವ ಲೆಕ್ಕಕ್ಕೂ ಸಾಲದು. ಚಿಕ್ಕ ಟ್ಯಾಂಕಿನಲ್ಲಿ ಆಹಾರ ಜೀವಿಗಳು ತಮ್ಮಷ್ಟಕ್ಕೆ ತಾವು ಹುಟ್ಟಿ ಬೆಳೆಯುವುದಕ್ಕೂ ಜಾಗ ಇರುವುದಿಲ್ಲ.

ಹಾಗಂತ ಉಪ್ಪುನೀರಿನ ಆಸೆಯನ್ನೇ ಬಿಡಿ ಅಂತ ನಾನು ಹೇಳುತ್ತಿಲ್ಲ. ಹ್ಯಾಚರಿಯಲ್ಲಿ, ಅಂದರೆ ಮೀನು ಮರಿ ಮಾಡಿಸುವ ಕೇಂದ್ರದಲ್ಲಿ, ಹುಟ್ಟಿದ ಕ್ಲೌನ್ ಮೀನಿನ ಒಂದು ಜೋಡಿಯಿಂದ ಶುರು ಮಾಡಿ. ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಆ ಮರಿಗಳು ಕಡಲಿನ ಬಂಡೆಯಿಂದ ಹಿಡಿದು ತಂದವಲ್ಲ. ಹುಟ್ಟಿದಾಗಿನಿಂದ ಟ್ಯಾಂಕಿನ ಊಟಕ್ಕೇ ಒಗ್ಗಿಕೊಂಡಿರುತ್ತವೆ. ನಮ್ಮ ಮನೆಯಲ್ಲಿರುವುದೂ ಅಂಥ ಜೋಡಿಯೇ. ಅವಕ್ಕೆ ಅನಿಮೋನ್ (ಕುಟುಕುವ, ಹೂವಿನಂಥ ಕಡಲಜೀವಿ) ಇರಲೇಬೇಕು ಅಂತ ಏನೂ ಇಲ್ಲ.

ಕಲ್ಲು ಕೊಳ್ಳುವಾಗಲೂ ಎಚ್ಚರ ಇರಲಿ. ಬಂಡೆ ಕಟ್ಟುವ ಹವಳಗಳಿಗೂ ಅದೇ 2001ರಲ್ಲಿ ರಕ್ಷಣೆ ಸಿಕ್ಕಿದೆ. ಕಡಲಿಂದ ಕಿತ್ತ ಹವಳದ ತುಂಡು ಬೇಡ. ಕೈಯಲ್ಲಿ ಮಾಡಿದ ಒಣ ಕಲ್ಲು, ಸೆರಾಮಿಕ್ ತುಂಡು ಸಿಗುತ್ತವೆ, ಅವೇ ಸಾಕು.

ಪ್ರಶ್ನೆ: ಮೇಡಂ, ನಮ್ಮ ಭಾವಮೈದ ಬೆಂಗಳೂರಿನಿಂದ ದುಬೈಗೆ ಹೋಗೋವಾಗ ತಮ್ಮ ಉಪ್ಪುನೀರಿನ ಟ್ಯಾಂಕನ್ನು ನಮ್ಮ ಮನೇಲಿ ಇಳಿಸಿ ಹೋದರು. ಅದರಲ್ಲಿ ಎರಡು ಪೈಪ್‌ಫಿಶ್ ಇವೆ. ಬೆರಳುದ್ದ, ಮೈ ಮೇಲೆ ನೀಲಿ ಗೆರೆ. ನನಗೆ ಮೀನು ಸಾಕಿ ಗೊತ್ತಿಲ್ಲ. ಇವನ್ನ ಕೊಲ್ಲೋದಕ್ಕೂ ಮನಸ್ಸಿಲ್ಲ, ಇಟ್ಕೊಳೋಕೂ ಭಯ. ಕೆಆರ್‌ಎಸ್ ಹಿನ್ನೀರಿಗೆ ಬಿಟ್ಟುಬಿಡಲಾ?
— ಓದುಗರು, ಮಂಡ್ಯ

ಉತ್ತರ: ಹಿನ್ನೀರಿಗೆ ಬಿಡಬೇಡಿ. ಅದು ಸಿಹಿನೀರು. ಕಡಲಿನ ಮೀನು ಅದರಲ್ಲಿ ಒದ್ದಾಡಿ ಸಾಯುತ್ತದೆ. ಟ್ಯಾಂಕಿನಲ್ಲಿ ಸಾಕಿದ ಯಾವ ಮೀನನ್ನೂ ನದಿಗೆ, ಕೆರೆಗೆ ಬಿಡಬಾರದು. ಇನ್ನೊಬ್ಬರಿಗೆ ಕೊಡುವುದೂ ಬೇಡ, ಮಾರುವುದಂತೂ ಬೇಡವೇ ಬೇಡ. ಮಂಡ್ಯದ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ. ಮೀನು ನಿಮ್ಮ ಮನೆಗೆ ಹೇಗೆ ಬಂತು ಅಂತ ಇದ್ದದ್ದು ಇದ್ದ ಹಾಗೆ ಬರೆದುಕೊಡಿ. ಮೀನಿನ ಫೋಟೋ ಇಟ್ಟುಕೊಳ್ಳಿ. ಬರೆದುಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ಇದನ್ನು ನಾಳೆಗೆ ಹಾಕಬೇಡಿ.

ಅಲ್ಲಿವರೆಗೆ ಆ ಎರಡು ಜೀವ ನಿಮ್ಮ ಕೈಲಿವೆ. ನೀವು ಹೇಳಿದ ಗುರುತು ನೋಡಿದರೆ ಬ್ಲೂ ಸ್ಟ್ರೈಪ್ ಪೈಪ್‌ಫಿಶ್ ಇರಬಹುದು. ಬಾಲ ಅಗಲವಾಗಿದ್ದು ಅದರ ಮೇಲೆ ಹಳದಿ, ಕಿತ್ತಳೆ ಮಚ್ಚೆ ಇದೆಯಾ ನೋಡಿ. ಇದ್ದರೆ ಅದೇ. ಪೈಪ್‌ಫಿಶ್‌ಗಳಲ್ಲಿ ಸ್ವಲ್ಪ ಗಟ್ಟಿಮುಟ್ಟು ಜಾತಿ ಅದು.

ಊಟದಿಂದ ಶುರು ಮಾಡಿ. ಅಕ್ವೇರಿಯಂ ಅಂಗಡಿಯಲ್ಲಿ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮೊಟ್ಟೆ ಅಂತ ಡಬ್ಬಿಯಲ್ಲಿ ಸಿಗುತ್ತದೆ, ನೋಡಲು ಕಂದು ಪುಡಿ. ಬ್ರೈನ್ ಶ್ರಿಂಪ್ ಮೊಟ್ಟೆ ಅಂದರೂ ಅದೇ. ಎರಡು ಲೀಟರ್ ನೀರಿನ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ. ಮುಚ್ಚಳ ಬಿಗಿಯಾಗಿರಲಿ. ಅದಕ್ಕೆ ಒಂದು ಲೀಟರ್ ನೀರು, 25ರಿಂದ 30 ಗ್ರಾಂ ಅಕ್ವೇರಿಯಂ ಉಪ್ಪು, ಅರ್ಧ ಟೀ ಚಮಚ ಮೊಟ್ಟೆ. ಏರ್ ಪಂಪಿನ ಕೊಳವೆ ತಳದವರೆಗೂ ಇಳಿಬಿಡಿ, ಗುಳ್ಳೆ ಜೋರಾಗಿ ಬರಲಿ. ಪಕ್ಕದಲ್ಲಿ ಒಂದು ಬಲ್ಬ್ ಉರಿಯುತ್ತಿರಲಿ. 26ರಿಂದ 28 ಡಿಗ್ರಿ ಶಾಖ ಇದ್ದರೆ ಸುಮಾರು 24 ಗಂಟೆಯಲ್ಲಿ ಒಡೆಯುತ್ತವೆ. ಮಂಡ್ಯದ ಸೆಕೆಗೆ ಹೀಟರ್ ಬೇಡ.

ಆಮೇಲೆ ಗಾಳಿ ನಿಲ್ಲಿಸಿ. ಹತ್ತು ನಿಮಿಷ ಸುಮ್ನೆ ಬಿಡಿ. ತಳದ ಹತ್ತಿರ ಟಾರ್ಚ್ ಹಿಡಿಯಿರಿ. ಒಡೆದ ಸಿಪ್ಪೆ ಮೇಲೆ ತೇಲುತ್ತದೆ. ಕಿತ್ತಳೆ ಬಣ್ಣದ ಮರಿಗಳು ಬೆಳಕಿಗೆ ಮುಗಿಬಿದ್ದು ಕೆಳಗೆ ಬಂದು ಸೇರುತ್ತವೆ. ಆ ಕಿತ್ತಳೆ ಮೋಡವನ್ನಷ್ಟೇ ಸಣ್ಣ ಕೊಳವೆಯಿಂದ ಎಳೆದು, ಒತ್ತಾದ ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ಒಮ್ಮೆ ತೊಳೆದು ಟ್ಯಾಂಕಿಗೆ ಹಾಕಿ. ಸಿಪ್ಪೆ ಹೋಗಬಾರದು, ಅದು ಜೀರ್ಣ ಆಗುವುದಿಲ್ಲ.

ಇಲ್ಲಿ ಒಂದು ಮುಖ್ಯ ವಿಚಾರ. ಹುಟ್ಟಿದ ಮರಿಯ ಮೈಯಲ್ಲಿ ತತ್ತಿಯ ಸತ್ವ ಇರುತ್ತದೆ. ಹೊತ್ತು ಕಳೆದಂತೆ ಅದನ್ನು ತಾನೇ ಕರಗಿಸಿಕೊಳ್ಳುತ್ತದೆ. ಹಾಗಾಗಿ ಒಡೆದ ಕೆಲವೇ ಗಂಟೆಯೊಳಗೆ ಹಾಕಿದರೆ ಮೀನಿಗೆ ನಿಜವಾದ ಊಟ. ಮಾರನೆಯ ದಿನದವರೆಗೆ ಇಟ್ಟರೆ ಬರೀ ಕವಚ ತಿನ್ನಿಸಿದಂತೆ. ಇಡಲೇಬೇಕಾದರೆ ಆ ಮರಿಗಳಿಗೆ ಪಾಚಿ ದ್ರಾವಣ ಅಥವಾ ಕೊಬ್ಬಿನಂಶ ಇರುವ ಎನ್‌ರಿಚ್‌ಮೆಂಟ್ ಹಾಕಿ, ಅವು ಅದನ್ನು ತಿಂದ ಮೇಲೆ ಮೀನಿಗೆ ಕೊಡಿ. ಒಂದೇ ಬಾಟಲಿ ಸಾಲದು. ಎರಡು ಬಾಟಲಿ ಇಟ್ಟು, ಹನ್ನೆರಡು ಗಂಟೆ ಹಿಂದುಮುಂದಾಗಿ ಶುರು ಮಾಡಿದರೆ ಯಾವಾಗಲೂ ತಾಜಾ ಮರಿ ಕೈಗೆ ಸಿಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲವಾದರೂ ಹಾಕಬೇಕು. ಮನೆಯಲ್ಲಿ ಹಗಲು ಹೊತ್ತು ಇರುವವರು ಯಾರಾದರೂ ಈ ಕೆಲಸ ವಹಿಸಿಕೊಳ್ಳಬೇಕು.

ಜೊತೆಗೆ ಫ್ರೋಜನ್ ಮೈಸಿಸ್, ಸೈಕ್ಲಾಪ್ಸ್ (ಎರಡೂ ಸೀಗಡಿಯಂಥ ಸಣ್ಣ ಜೀವಿಗಳು) ಸಿಕ್ಕರೆ ತನ್ನಿ. ಟ್ಯಾಂಕಿನದೇ ನೀರನ್ನು ಲೋಟದಲ್ಲಿ ತೆಗೆದು ಅದರಲ್ಲಿ ಕರಗಿಸಿ. ಮೈಸಿಸ್ ದೊಡ್ಡದಿದ್ದರೆ ಸಣ್ಣಗೆ ಕತ್ತರಿಸಿ. ಸೂಜಿ ಇಲ್ಲದ ಸಿರಿಂಜಿನಲ್ಲಿ ಎಳೆದು ಮೀನಿನ ಮೂತಿಯ ಮುಂದೆ ಮೆಲ್ಲಗೆ ಬಿಡಿ. ತುಣುಕು ನೀರಲ್ಲಿ ಅಲುಗಾಡುತ್ತಾ ಹೋದರೆ ಜೀವ ಇದೆ ಅಂದುಕೊಂಡು ಹೀರಬಹುದು. ಉಳಿದದ್ದನ್ನು ಅರ್ಧ ಗಂಟೆಯಲ್ಲಿ ತೆಗೆದುಬಿಡಿ, ಇಲ್ಲದಿದ್ದರೆ ಕೊಳೆತು ಅಮೋನಿಯಾ ಏರುತ್ತದೆ. ಮೀನು ಹೀರಿತಾ ಇಲ್ಲವಾ ಅಂತ ಕಣ್ಣಾರೆ ನೋಡಿ. ಹಾಕಿದ್ದೀನಿ ಅಂದರೆ ತಿಂದಿದೆ ಅಂತ ಅರ್ಥ ಅಲ್ಲ.

ಇನ್ನು ಶಾಖ. 25 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ನೀರು ಬಿಸಿಯಾದಷ್ಟೂ ವಿಬ್ರಿಯೋ ಥರದ ಬ್ಯಾಕ್ಟೀರಿಯಾ ಜೋರಾಗುತ್ತದೆ, ನೀರಲ್ಲಿ ಆಮ್ಲಜನಕವೂ ಕಡಿಮೆಯಾಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನ 35 ಮುಟ್ಟುತ್ತದೆ ಅಲ್ವಾ? ನೀರು ತಣಿಸುವ ಚಿಲ್ಲರ್ ಇದ್ದರೆ ಒಳ್ಳೆಯದು, ಬೆಲೆ ಜಾಸ್ತಿ. ಸದ್ಯಕ್ಕೆ ನೀರಿನ ಮೇಲೆ ಗಾಳಿ ಬೀಸುವಂತೆ ಚಿಕ್ಕ ಫ್ಯಾನ್ ಇಡಿ. ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೆ ಶುದ್ಧ ಸಿಹಿನೀರು ಸೇರಿಸಿ. ಉಪ್ಪುನೀರು ಸೇರಿಸಿದರೆ ದಿನದಿಂದ ದಿನಕ್ಕೆ ಉಪ್ಪು ಏರುತ್ತಲೇ ಹೋಗುತ್ತದೆ. ಟ್ಯಾಂಕಿನ ಮೇಲೆ ಬಲೆಯ ಮುಚ್ಚಳ ಇರಲಿ, ಈ ಜಾತಿ ಹಾರುವುದುಂಟು.

ಟ್ಯಾಂಕಿನಲ್ಲಿ ಬೇರೆ ಮೀನು ಇದೆಯಾ? ಡ್ಯಾಮ್ಸೆಲ್, ಕ್ಲೌನ್, ರಾಸ್ ಥರದ ಚುರುಕು ಮೀನಿದ್ದರೆ ಆರ್ಟೀಮಿಯಾ ಎಲ್ಲಾ ಅವೇ ಮುಗಿಸುತ್ತವೆ. ಅನಿಮೋನ್ ಇದ್ದರೆ ಕುಟುಕಿ ಕೊಲ್ಲಬಹುದು. ಏಡಿಯೂ ಬೇಡ. ಅವನ್ನೆಲ್ಲ ಬೇರೆ ಮಾಡಿ. ಫಿಲ್ಟರಿನ ಹೀರುವ ಬಾಯಿಗೆ ಸ್ಪಾಂಜ್ ಕಟ್ಟಿ, ಇಲ್ಲದಿದ್ದರೆ ಆರ್ಟೀಮಿಯಾ ಮರಿಗಳೆಲ್ಲ ಅದರೊಳಗೇ ಹೋಗುತ್ತವೆ. ಕಾಯಿಲೆ ಅನ್ನಿಸಿದರೆ ಅಂಗಡಿಯವರು ಕೊಟ್ಟ ತಾಮ್ರದ ಔಷಧ ಹಾಕಬೇಡಿ. ಈ ಕುಟುಂಬದ ಮೀನಿಗೆ ಅದು ಆಗಿಬರುವುದಿಲ್ಲ.

ಪವರ್ ಕಟ್‌ಗೆ ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಇಷ್ಟು ಓದಿ ಗಾಬರಿಯಾಗಬೇಡಿ. ಕೊಲ್ಲೋದಕ್ಕೆ ಮನಸ್ಸಿಲ್ಲ ಅಂತ ಬರೆದಿದ್ದೀರಲ್ಲ, ಆ ಮಾತು ನನಗೆ ತುಂಬಾ ಹಿಡಿಸಿತು. ಇಲಾಖೆಯವರು ಬಂದು ಏನು ಮಾಡಬೇಕು ಅಂತ ಹೇಳುವವರೆಗೆ ಈ ಕೆಲಸ ನಿಮ್ಮಿಂದ ಆಗುತ್ತದೆ.

ಪ್ರಶ್ನೆ: ನಮ್ಮ ತಮ್ಮ ವಾರಕ್ಕೊಮ್ಮೆ ಲಾರಿಯಲ್ಲಿ ಮಂಗಳೂರಿಗೆ ಹೋಗಿ ಬರ್ತಾನೆ. ಕ್ಯಾನ್‌ನಲ್ಲಿ ಸಮುದ್ರದ ನೀರೇ ತರಿಸಿದರೆ ಉಪ್ಪಿನ ಖರ್ಚು ಉಳಿಯುತ್ತಲ್ವಾ? ಇಲ್ಲಾಂದ್ರೆ ಅಡುಗೆ ಉಪ್ಪು ಕರಗಿಸಿದರೆ ಆಗಲ್ವಾ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಅಡುಗೆ ಉಪ್ಪು ಆಗಲ್ಲ. ಅದು ಸೋಡಿಯಂ ಕ್ಲೋರೈಡ್, ಜೊತೆಗೆ ಅಯೋಡಿನ್ ಸೇರಿಸಿರುತ್ತಾರೆ. ಕಡಲ ನೀರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲಾ ಇರುತ್ತವೆ. ಮೀನಿಗೆ ಅವೆಲ್ಲವೂ ಬೇಕು.

ಮಂಗಳೂರಿನ ನೀರೂ ನನಗೆ ಒಪ್ಪಿಗೆ ಇಲ್ಲ. ಲಾರಿ ನಿಲ್ಲುವ ಜಾಗದಲ್ಲಿ ಸಿಗುವುದು ದಡದ ನೀರು. ನೇತ್ರಾವತಿ, ಗುರುಪುರ ಎರಡೂ ಹೊಳೆ ಅಲ್ಲೇ ಕಡಲಿಗೆ ಸೇರುತ್ತವೆ. ಮಳೆಗಾಲದಲ್ಲಿ ಆ ನೀರು ತೆಳ್ಳಗೆ, ಕೆಂಪಗೆ ಇರುತ್ತದೆ. ದೋಣಿಯ ಎಣ್ಣೆ, ಊರಿನ ಕೊಳೆ ಬೇರೆ. ಕ್ಯಾನ್ ಮುಚ್ಚಿ ಘಾಟಿ ಹತ್ತಿ ಬರುವಷ್ಟರಲ್ಲಿ ಅದರೊಳಗಿನ ಸಣ್ಣ ಜೀವಿಗಳು ಸತ್ತು ಕೊಳೆಯಲು ಶುರುವಾಗಿರುತ್ತವೆ.

ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪು ತನ್ನಿ. ಲೀಟರ್‌ಗೆ ಸುಮಾರು 35 ಗ್ರಾಂ, ಅಂದರೆ 100 ಲೀಟರ್‌ಗೆ ಮೂರೂವರೆ ಕೆ.ಜಿ. ಕರಗಿಸುವುದು ಆರ್‌ಒ ನೀರಿನಲ್ಲಿ. ಕಾವೇರಿ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅಡುಗೆಮನೆಯ ಆರ್‌ಒ ನೀರಿಗೂ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವ ಸಾಧನ) ಹಿಡಿದು ನೋಡಿ. ಸೊನ್ನೆಯ ಹತ್ತಿರ ಬರಬೇಕಾದರೆ ಉಳಿದ ಲವಣವನ್ನೂ ತೆಗೆಯುವ ಡಿಐ ಕಾರ್ಟ್ರಿಡ್ಜ್ ಒಂದು ಸೇರಿಸಬೇಕಾಗುತ್ತದೆ. ಒಂದು ದಿನ ಮೊದಲೇ ಕರಗಿಸಿ, ಗಾಳಿ ಆಡಿಸಿ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಸಾಂದ್ರತೆ 1.025 ಬಂದ ಮೇಲೆ ಬಳಸಿ. ಹೊಸ ಟ್ಯಾಂಕ್ ಆದರೆ ನೀರು ತುಂಬಿದ ತಕ್ಷಣ ಮೀನು ಬಿಡಬೇಡಿ. ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಟೆಸ್ಟ್ ಕಿಟ್‌ನಲ್ಲಿ ಮೊದಲೆರಡೂ ಸೊನ್ನೆ ತೋರಿಸಬೇಕು.

ಪ್ರಶ್ನೆ: ಮಿಸ್, ನಾನು 9ನೇ ಕ್ಲಾಸ್. ಪೈಪ್‌ಫಿಶ್‌ನಲ್ಲಿ ಅಪ್ಪ ಮೀನೇ ಬಸುರಿ ಆಗುತ್ತಂತೆ, ನಿಜವಾ? ನನ್ನ ಫ್ರೆಂಡ್ಸ್ ನಂಬ್ತಿಲ್ಲ.
— ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ನಿಜ ಕಣಮ್ಮ. ಹೆಣ್ಣು ಮೀನು ತನ್ನ ಮೊಟ್ಟೆಗಳನ್ನು ಗಂಡಿನ ಮೈಗೆ ದಾಟಿಸುತ್ತದೆ. ಅಲ್ಲಿಂದ ಮುಂದೆ ಮರಿ ಹೊರಗೆ ಬರುವವರೆಗೂ ಹೊರುವುದು ಅಪ್ಪನೇ. ಹೇಗೆ ಹೊರುತ್ತದೆ ಅನ್ನುವುದು ಜಾತಿಯಿಂದ ಜಾತಿಗೆ ಬೇರೆ. ಮೇಲೆ ಮಂಡ್ಯದವರು ಕೇಳಿದ ನೀಲಿ ಗೆರೆಯ ಮೀನಿನಲ್ಲಿ ಮೊಟ್ಟೆ ಮುಚ್ಚಿಡುವ ಚೀಲವೇ ಇಲ್ಲ. ಮೊಟ್ಟೆಗಳು ಗಂಡಿನ ಹೊಟ್ಟೆಯ ಕೆಳಗೆ ಸಾಲಾಗಿ ಅಂಟಿಕೊಂಡಿರುತ್ತವೆ, ಹೊರಗಿನಿಂದಲೇ ಕಾಣುತ್ತವೆ. ಇನ್ನು ಕೆಲವು ಜಾತಿಗಳಲ್ಲಿ ಎರಡೂ ಪಕ್ಕದ ಚರ್ಮ ಮಡಚಿ ಮೊಟ್ಟೆಯನ್ನು ಮುಚ್ಚುತ್ತದೆ. ಕಡಲಕುದುರೆಯಲ್ಲಿ ಪೂರ್ತಿ ಮುಚ್ಚಿದ ಚೀಲ. ಚೀಲ ಇರುವ ಜಾತಿಗಳಲ್ಲಿ ಅಪ್ಪ ಒಳಗಿನ ಮರಿಗಳಿಗೆ ಆಮ್ಲಜನಕ ಒದಗಿಸುತ್ತದೆ.

ಇನ್ನೂ ಒಂದು ಸಂಗತಿ ನಿನಗೆ ಇಷ್ಟವಾಗಬಹುದು. ಅಮೆರಿಕದ ಸಂಶೋಧಕರು ಗಲ್ಫ್ ಪೈಪ್‌ಫಿಶ್ ಅನ್ನುವ ಜಾತಿಯನ್ನು ಗಮನಿಸಿ 2010ರಲ್ಲಿ ಒಂದು ವಿಷಯ ಪ್ರಕಟಿಸಿದರು. ದೊಡ್ಡ ಹೆಣ್ಣಿನ ಮೊಟ್ಟೆಗಳನ್ನು ಹೊತ್ತಾಗ ಹೆಚ್ಚು ಮರಿ ಉಳಿಯುತ್ತವೆ, ಚಿಕ್ಕ ಹೆಣ್ಣಿನದಾದರೆ ಕಡಿಮೆ. ಅಂದರೆ ಅಪ್ಪ ಸುಮ್ನೆ ಹೊತ್ತುಕೊಂಡು ತಿರುಗುವುದಿಲ್ಲ, ಯಾವ ಮರಿಗೆ ಎಷ್ಟು ಕೊಡಬೇಕು ಅನ್ನುವುದು ಅವನ ಮೈಯಲ್ಲೇ ತೀರ್ಮಾನವಾಗುತ್ತದೆ. ನಿನ್ನ ಫ್ರೆಂಡ್ಸ್‌ಗೆ ಇದನ್ನೂ ಹೇಳು. ಹೊಟ್ಟೆಯಲ್ಲಿ ಮೊಟ್ಟೆ ಹೊತ್ತ ಗಂಡನ್ನೂ ದೋಣಿ ಎಳೆದೊಯ್ಯುವ ಟ್ರಾಲ್ ಬಲೆ ಬಿಡುವುದಿಲ್ಲ. ಒಂದು ಅಪ್ಪ ಬಲೆಗೆ ಬಿದ್ದರೆ ಅದರ ಜೊತೆ ಮರಿಗಳೆಲ್ಲ ಹೋದವು. ಒಣಗಿಸಿ ಔಷಧಿಯ ವ್ಯಾಪಾರಕ್ಕೆ ಕಳಿಸುವುದೂ ಇದೆ. ಕಾನೂನು ಯಾಕೆ ಬಂತು ಅಂತ ಕ್ಲಾಸಿನಲ್ಲಿ ಯಾರಾದರೂ ಕೇಳಿದರೆ ಇಲ್ಲಿಂದಲೇ ಶುರು ಮಾಡು.

ಪ್ರಶ್ನೆ: ಸಿಹಿನೀರಿನ ಪೈಪ್‌ಫಿಶ್ ಇದೆ, ಅದಕ್ಕೆ ಯಾವ ತೊಂದರೆಯೂ ಇಲ್ಲ ಅಂತ ಒಬ್ಬರು ಹೇಳಿದರು. ಹೌದಾ?
— ಓದುಗರು, ಮದ್ದೂರು

ಉತ್ತರ: ಸಿಹಿನೀರಲ್ಲಿ, ಅಳಿವೆಯಲ್ಲಿ ಬದುಕುವ ಜಾತಿಗಳು ಇರುವುದು ನಿಜ. ಆದರೆ ಅವೂ ಅದೇ ಕುಟುಂಬ. ಜೀವ ಇರುವ ಊಟವೇ ಬೇಕು, ತಿಂದದ್ದನ್ನು ಹಿಡಿದಿಡುವ ಹೊಟ್ಟೆಯ ಚೀಲ ಅವಕ್ಕೂ ಇಲ್ಲ. 2001ರ ಆದೇಶ ಉಪ್ಪುನೀರು, ಸಿಹಿನೀರು ಅಂತ ಬೇರೆ ಮಾಡಲಿಲ್ಲ. ಬೇಡ.

ಪ್ರಶ್ನೆ: ಕ್ಲೌನ್ ಮೀನು ತರುವಾಗ ಅಂಗಡಿಯಲ್ಲಿ ಏನು ಕೇಳಬೇಕು?
— ಓದುಗರು, ವಿಜಯನಗರ, ಮೈಸೂರು

ಉತ್ತರ: ಹ್ಯಾಚರಿಯದಾ, ಕಡಲಿಂದ ಹಿಡಿದದ್ದಾ ಅಂತ ಮೊದಲು ಕೇಳಿ. ಯಾವ ಹ್ಯಾಚರಿ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ಆಮೇಲೆ ನಿಮ್ಮ ಮುಂದೆಯೇ ಪೆಲೆಟ್ (ಗುಳಿಗೆಯಂಥ ಒಣ ಊಟ) ಹಾಕಿ ತೋರಿಸಲು ಹೇಳಿ. ಮೇಲೆ ಬಂದು ಗಬಗಬ ತಿನ್ನಬೇಕು. ಮೈ ಮೇಲೆ ಬಿಳಿ ಚುಕ್ಕೆ, ಲೋಳೆ, ಏದುಸಿರು ಇದ್ದರೆ ಬೇಡ. ತಿನ್ನದಿದ್ದರೆ ಅವತ್ತು ಕೊಳ್ಳಬೇಡಿ. ಒಂದು ವಾರ ಬಿಟ್ಟು ಹೋಗಿ, ಮತ್ತೆ ಪೆಲೆಟ್ ಹಾಕಿಸಿ ನೋಡಿ.